ರೋಮನ್ನರ ಪರ ನಿಂತ ಫೌಜಿ

ಹೋದ ಭಾದ್ರಪದದಲ್ಲಿ ಬಂದೋಬಸ್ತಿಗೆಂದು ನಮ್ಮನ್ನು ಕಲಘಟಗಿಯಿಂದ ನವಲಗುಂದಕ್ಕೆ ವ್ಯಾನಿನಲ್ಲಿ ಕಳಿಸಿದ್ದರು. ಅಣ್ಣಿಗೇರಿ ದಾಟಿದ ಮೇಲೆ ಡಾಂಬರು ರಸ್ತೆಯ ಅರ್ಧಕ್ಕೆ ರೈತರು ಹೆಸರುಕಾಯಿ ಹರವಿದ್ದರು. ಹಿಂದಿನ ದಿನ ಮಳೆ ಹೊಡೆದು ಅಂದು ಬಿಸಿಲು ಬಿದ್ದಿತ್ತು. ನೆನೆದ ಹೆಸರಿನ ಹೊಟ್ಟು ಬಿಸಿಲಿಗೆ ಹಬೆಯಾಡುವಾಗ ಬರುವ ಸ್ವಲ್ಪ ಹುಳಿ, ಸ್ವಲ್ಪ ಹಸಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಮೀನಖಂಡ ಬಿಗಿದು ಬಂತು. ಆ ವಾಸನೆಯಲ್ಲಿ ನಾನು ಒಂದು ಮಳೆಗಾಲ ಪೂರ್ತಿ ಓಡಿದ್ದೇನೆ.

ಆಗ ನನಗೆ ಇಪ್ಪತ್ತೆರಡು ವರ್ಷ. ಶಲವಡಿಯ ಆಚೆಗೆ, ಕಾಲುವೆಗೆ ಆತುಕೊಂಡಿರುವ ನಮ್ಮ ಊರಿನ ಐದು ಜನ ಹುಡುಗಿಯರು ಪೊಲೀಸ್ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿದ್ದೆವು. ದೈಹಿಕ ಪರೀಕ್ಷೆ ಮಳೆಗಾಲ ಮುಗಿದ ಮೇಲೆ ಧಾರವಾಡದಲ್ಲಿ ಇತ್ತು. ಓಟ, ಉದ್ದ ಜಿಗಿತ, ಗುಂಡು ಎಸೆತ. ಓದುವುದಕ್ಕೆ ಮನೆಯ ಮೂಲೆ ಸಾಕಾಗಿತ್ತು. ಓಡುವುದಕ್ಕೆ ಜಾಗವಿರಲಿಲ್ಲ. ನಮ್ಮದು ಎರೆ ಭೂಮಿ. ಮಳೆ ಬಿದ್ದರೆ ನಾಲ್ಕು ಹೆಜ್ಜೆಗೆ ಬೂಟಿನ ಕೆಳಗೆ ಇನ್ನೊಂದು ಬೂಟು ಬೆಳೆಯುತ್ತದೆ. ಇದ್ದದ್ದು ಕಾಲುವೆಯ ಏರಿಯ ಮೇಲಿನ ಗರಸಿನ ಗಟ್ಟಿ ದಾರಿ ಒಂದೇ. ಅಲ್ಲಿ ದಿನಾ ಬೆಳಿಗ್ಗೆ ನಮ್ಮನ್ನು ಓಡಿಸುತ್ತಿದ್ದವರು ರುದ್ರಪ್ಪ.

ಸೈನ್ಯದಲ್ಲಿದ್ದು ಬಂದವರೆಂದು ಊರು ಅವರನ್ನು ಫೌಜಿ ಎಂದು ಕರೆಯುತ್ತಿತ್ತು. ಅವರು ನಮ್ಮ ಊರಿನವರಲ್ಲ, ಅಳ್ನಾವರದ ಕಡೆಯವರು. ನಮ್ಮೂರ ನೀಲವ್ವನನ್ನು ಮದುವೆಯಾಗಿ, ಮಾವನ ಹೊಲ ನೋಡಿಕೊಂಡು ಇಲ್ಲೇ ಉಳಿದಿದ್ದರು. ನಲವತ್ತು ದಾಟಿದ ವಯಸ್ಸು, ಗಿಡ್ಡ ಕೂದಲು, ಸೆಟೆದ ಬೆನ್ನು. ಕೂತಲ್ಲಿಂದ ಎದ್ದರೆ ಕೈಯೂರದೇ ಏಳುತ್ತಿದ್ದರು. ನಾವು ಐವರು ಏರಿಯ ಮೇಲೆ ನಮ್ಮಷ್ಟಕ್ಕೆ ಓಡುವುದನ್ನು ನೋಡಿ ಒಂದು ದಿನ ತಾವಾಗಿ ಬಂದು, "ಹಿಮ್ಮಡಿ ಮೊದಲ ಊರಬ್ಯಾಡ್ರಿ, ಮಣಕಾಲ ಹೋಗ್ತಾವು" ಎಂದಿದ್ದರು. ಮರುದಿನದಿಂದ ಕಲಿಸತೊಡಗಿದರು. ಒಂದು ಪೈಸೆ ಕೇಳಲಿಲ್ಲ.

ಅದೇ ನಮ್ಮವ್ವನಿಗೆ ಸರಿಬರಲಿಲ್ಲ. ರೊಟ್ಟಿ ಬಡಿಯುತ್ತ, "ಪುಕ್ಕಟೆ ಯಾರರ ಏನರ ಕಲಿಸ್ತಾರೇನ? ಅದೂ ಹುಡುಗ್ಯಾರಿಗೆ? ಏನೋ ಐತಿ" ಎಂದಳು. ಆ 'ಏನೋ ಐತಿ' ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಅಲ್ಲಿಂದ ಮುಂದೆ ಫೌಜಿ ಏನು ಮಾಡಿದರೂ ನಾನು ಎರಡು ಸಲ ನೋಡುತ್ತಿದ್ದೆ. ಈಗ ಸಂಶಯ ಪಡುವುದಕ್ಕೆ ನನಗೆ ಸಂಬಳ ಬರುತ್ತದೆ. ಆಗ ಬಿಟ್ಟಿ ಮಾಡುತ್ತಿದ್ದೆ.

ಓಟ ಮುಗಿಸಿ ನಾವೆಲ್ಲ ಸೇರುತ್ತಿದ್ದದ್ದು ಕಾಲುವೆ ದಾಟುವ ಪುಲಿನ ಬಾಜುವಿನಲ್ಲಿದ್ದ ಫಕ್ಕೀರಪ್ಪ ಕಾಕಾನ ಚಹಾದಂಗಡಿಯಲ್ಲಿ. ಕಾಕಾ ನಮ್ಮಪ್ಪನ ತಮ್ಮ. ಅಪ್ಪ ಹೊಲದಲ್ಲಿ ಎತ್ತುಗಳ ಜೊತೆ ಮಾತಾಡುತ್ತಿದ್ದಷ್ಟು ಮನೆಯಲ್ಲಿ ಮಾತಾಡುತ್ತಿರಲಿಲ್ಲ. ನಾನು ಓದಬೇಕೋ ಬೇಡವೋ, ಓಡಬೇಕೋ ಬೇಡವೋ ಎಂಬುದನ್ನೆಲ್ಲ ಕಾಕಾನೇ ತೀರ್ಮಾನಿಸುತ್ತಿದ್ದ. ಹಾಗಾಗಿ ಅವನ ಅಂಗಡಿಯ ಬೆಂಚು ನನಗೆ ಒಂದು ರೀತಿಯ ಕೋರ್ಟು.

ವಾದ ಶುರುವಾದದ್ದು ಮೃಗಶಿರ ಮಳೆ ಹಿಡಿದುಕೊಂಡ ಒಂದು ಬೆಳಿಗ್ಗೆ. ಓಡುವ ಹಾಗಿರಲಿಲ್ಲ. ಅಂಗಡಿಯ ಟಿ.ವಿ.ಯಲ್ಲಿ ಹಳೆಯ ಕಾಲದ ಗ್ರೀಕ್ ಸೈನಿಕರ ಬಗ್ಗೆ ಏನೋ ಬರುತ್ತಿತ್ತು. ಏಳು ವರ್ಷಕ್ಕೇ ಮನೆ ಬಿಡಿಸಿ, ಹೊಡೆದು ಬಡಿದು ಬೆಳೆಸಿದ ಸ್ಪಾರ್ಟಾದ ಹುಡುಗರು. ನಾನು ಬಾಯಿ ತೆರೆದು ನೋಡುತ್ತ, "ಇವ್ರಿಗಿಂತಾ ಚಲೋ ಸೈನಿಕ್ರು ಯಾರೂ ಇರಾಕಿಲ್ಲ" ಎಂದೆ.

ಕಾಕಾ ಮಿರ್ಚಿ ಕರಿಯುತ್ತಿದ್ದವನು ಎಣ್ಣೆ ಬಸಿಯುವ ಜಾರಿಯನ್ನು ಎತ್ತಿ ಹಿಡಿದ. "ಯಾಕಿಲ್ಲ? ಬಾದಾಮಿ ಪುಲಿಕೇಶಿ ದಂಡು ನೋಡೀ ಏನ? ಉತ್ತರದ ಹರ್ಷನ ಅಷ್ಟ ದೊಡ್ಡ ದಂಡನ್ನ ನರ್ಮದಾ ಹೊಳಿ ದಾಟಗೊಡಲಿಲ್ಲ. ನಮ್ಮ ಅಣ್ಣಿಗೇರಿನೂ ಚಾಲುಕ್ಯರ ರಾಜಧಾನಿನ ಆಗಿತ್ತು, ಗೊತ್ತೈತಿಲ್ಲೋ?"

"ಅವ್ರು ಬ್ಯಾರೆ ಚಾಲುಕ್ಯರು ಕಾಕಾ, ಕಲ್ಯಾಣದವ್ರು" ಎಂದಳು ಶಬಾನಾ. ಶಬಾನಾ ನನ್ನ ಗೆಳತಿ, ಹಾಸಿಗೆ ಹೊಲಿಯುವ ಖಾಜಾಸಾಬರ ಮಗಳು. ನಮ್ಮ ಐವರಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಜೋರು ಓಟ. ಬಿ.ಎ.ಯಲ್ಲಿ ಇತಿಹಾಸ ಓದಿದ್ದಳು. "ನನ್ನ ಕೇಳಿದ್ರ ಅಸ್ಸೀರಿಯಾದವ್ರು. ಎಲ್ಲಾರಿಗಿಂತ ಮೊದಲ ದಂಡಿಗೆಲ್ಲಾ ಕಬ್ಬಿಣ ಕೊಟ್ಟವ್ರು. ಕೋಟಿ ಗ್ವಾಡಿ ಒಡಿಯೂ ಗಾಡಿ ಮಾಡಿದ್ರು. ಹೊಳಿ ಬಂದ್ರ ಆಡಿನ ತೊಗಲಿಗೆ ಗಾಳಿ ಊದಿ, ಎದಿಗೆ ಅವುಚಿಕೊಂಡು ಈಸಿ ದಾಟತಿದ್ರು."

"ಆಡಿನ ತೊಗಲ ಹಿಡಕೊಂಡ ಹೋದವ್ರು ಆನಿ ಮುಂದ ಏನ್ ಮಾಡ್ತಾರ?" ಎಂದ ಕಾಕಾ. "ಪುಲಿಕೇಶಿ ಆನಿಗೆ ಶೆರೆ ಕುಡಿಸಿ ಬಿಡತಿದ್ದ."

ಫೌಜಿ ಅಲ್ಲಿಯವರೆಗೆ ಸುಮ್ಮನಿದ್ದರು. ಚಹಾ ಮುಗಿಸಿ, "ರೋಮನ್ನರು" ಎಂದರು. ಯಾಕೆ ಎಂದು ಶಬಾನಾ ಕೇಳಿದಳು. "ದಿನಾ ಇಪ್ಪತ್ತು ಮೈಲಿ ನಡದು, ಸಂಜಿಗೆ ಬಿಡಾರದ ಸುತ್ತ ಗುಂಡಿ ತೋಡತಿದ್ರು. ವೈರಿ ಇರ್ಲಿ ಬಿಡ್ಲಿ. ಮರುದಿನ ಎದ್ದು ಮುಂದ ಹೋಗತಿದ್ರು, ಮತ್ತ ತೋಡತಿದ್ರು. ಅದು ಸೈನ್ಯ."

"ಅದು ಸೈನ್ಯ ಅಲ್ಲಪಾ, ಕಾಲುವಿ ಕಾಂಟ್ರ್ಯಾಕ್ಟು" ಎಂದ ಕಾಕಾ. ಎಲ್ಲರೂ ನಕ್ಕೆವು. ಫೌಜಿಯೂ ನಕ್ಕರು.

ಅಲ್ಲಿಂದ ಅದು ದಿನದ ರೂಢಿಯಾಯಿತು. ಹೆಸರು ಬಿತ್ತಿ, ಎಡೆ ಹೊಡೆದು ಕಳೆ ತೆಗೆದು, ಹೂ ಬಿಡುವವರೆಗೆ ನಾವು ಕಾಲುವೆಯ ಮೇಲೆ ಓಡಿದೆವು, ಬೆಂಚಿನ ಮೇಲೆ ಯುದ್ಧ ಮಾಡಿದೆವು. ಉಳಿದ ಮೂವರು ಹುಡುಗಿಯರು ಮಿರ್ಚಿ ತಿನ್ನುತ್ತ ಪಕ್ಷ ಬದಲಾಯಿಸುತ್ತಿದ್ದರು. ಶಬಾನಾ ಮೊಬೈಲಿನಲ್ಲಿ ಓದಿಕೊಂಡು ಬರುತ್ತಿದ್ದಳು. ಕಾಕಾ ಓದದೆಯೇ ಗಟ್ಟಿಯಾಗಿ ಹೇಳುತ್ತಿದ್ದ. ನಾನು ಮಾತ್ರ ಬರಬರುತ್ತ ಸ್ಪಾರ್ಟಾದವರನ್ನೂ ನಂಬುವುದನ್ನು ಬಿಟ್ಟೆ. ಅವರು ಅಷ್ಟು ಶೂರರು ಎಂದು ಬರೆದವರು ಯಾರು? ಅವರ ಜೊತೆ ಉಂಡವರೇ ಅಲ್ಲವೇ? ಪುಲಿಕೇಶಿಯನ್ನು ಹೊಗಳಿದ ಶಾಸನ ಕೆತ್ತಿಸಿದವರು ಯಾರು? ಹೀಗೆ ಕೇಳಿದರೆ ಕಾಕಾ, "ಈ ಹುಡುಗಿಗೆ ತಾಯಿ ಹಾಲಿನಾಗ ಸಂಶೆ ಬಂದೈತಿ" ಎನ್ನುತ್ತಿದ್ದ.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನ್ನ ಗಮನ ಹಳೆಯ ಸೈನಿಕರ ಮೇಲಿರಲಿಲ್ಲ. ಎದುರಿಗೆ ಕೂತಿದ್ದ ಸೈನಿಕನ ಮೇಲಿತ್ತು. ಫೌಜಿ ರೋಮನ್ನರ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಿದ್ದರು, ತಮ್ಮ ಬಗ್ಗೆ ಒಂದು ಮಾತೂ ಇಲ್ಲ. ಯಾವ ಗಡಿಯಲ್ಲಿದ್ದಿರಿ ಎಂದರೆ, "ಉತ್ತರದಾಗ" ಎನ್ನುತ್ತಿದ್ದರು. ಒಮ್ಮೆ ಅವರ ಮನೆಗೆ ಮಜ್ಜಿಗೆ ಕೊಡಲು ಹೋದಾಗ ಪಡಸಾಲೆಯ ಗೋಡೆಯನ್ನೆಲ್ಲ ನೋಡಿದೆ. ಮದುವೆಯ ಫೋಟೋ, ಮಾವನ ಫೋಟೋ, ದೇವರು. ಸಮವಸ್ತ್ರದ್ದು ಒಂದೂ ಇಲ್ಲ. ನಮ್ಮ ಸುತ್ತಲಿನ ಊರುಗಳಲ್ಲಿ ಸೈನ್ಯದಿಂದ ನಿವೃತ್ತರಾದವರ ಮನೆಗೆ ಹೋದರೆ ಬಾಗಿಲಲ್ಲೇ ಅದು ಕಾಣುತ್ತದೆ.

ಆ ವರ್ಷ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಧ್ವಜ ಏರಿಸಿದ ಮೇಲೆ ಮಾಜಿ ಸೈನಿಕರಿಗೆ ಶಾಲು ಹೊದಿಸಬೇಕೆಂದು ಊರ ಹಿರಿಯರು ನಿಶ್ಚಯಿಸಿದರು. ಊರಲ್ಲಿದ್ದವರು ಇಬ್ಬರು: ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜ ಮತ್ತು ಫೌಜಿ. ಫೌಜಿ ಹಿಂದಿನ ದಿನವೇ ಅಣ್ಣಿಗೇರಿಯಲ್ಲಿ ಸಂಬಂಧಿಕರ ಸಾಮಾನು ಇಳಿಸಲು ಹೋಗಬೇಕು ಎಂದು ಹೇಳಿಬಿಟ್ಟರು. ಧ್ವಜ ಏರಿಸಿದ ದಿನ ಮಧ್ಯಾಹ್ನ ನಾನು ಎಮ್ಮೆಗೆ ಹುಲ್ಲು ತರಲು ಹೋದಾಗ ಅವರು ತಮ್ಮ ಹೊಲದ ಬನ್ನಿಯ ಗಿಡದ ಕೆಳಗೆ ಕುಳಿತಿದ್ದರು. ಅಣ್ಣಿಗೇರಿಗೆ ಹೋಗಿಯೇ ಇರಲಿಲ್ಲ. ನನ್ನನ್ನು ನೋಡಲಿಲ್ಲ. ನಾನು ಬದುವಿನ ಹಿಂದಿನಿಂದ ಸುತ್ತಿ ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಬೆಂಚಿನ ಮೇಲಿನ ವಾದ ಓಡಿಹೋದ ಸೈನಿಕರ ಕಡೆಗೆ ತಿರುಗಿತು. ತಿರುಗಿಸಿದವಳು ಶಬಾನಾ. ಶೂರರನ್ನು ಹೋಲಿಸಿ ಹೋಲಿಸಿ ಅವಳಿಗೆ ಸಾಕಾಗಿತ್ತು. ಅಂಜಿದವರನ್ನು ಯಾವ ಸೈನ್ಯ ಏನು ಮಾಡುತ್ತಿತ್ತು ಎಂದು ನೋಡೋಣ ಎಂದಳು. "ಸ್ಪಾರ್ಟಾದಾಗ ಅಂಜಿ ಬಂದವನ ಗಡ್ಡಾ ಅರ್ಧಾ ಬೋಳಿಸಿ, ಅರ್ಧಾ ಬಿಡಬೇಕಾಗತಿತ್ತಂತ. ಊರೆಲ್ಲಾ ಗೊತ್ತಾಗ್ಲಿ ಅಂತ."

"ನಮ್ಮವ್ರು ಹೊಡೀತಿದ್ದಿಲ್ಲ, ಬಡೀತಿದ್ದಿಲ್ಲ" ಎಂದ ಕಾಕಾ. "ಚೀನಾದಿಂದ ಬಂದ ಯಾತ್ರಿಕ ಒಬ್ಬಾಂವ ಬರದಾನಂತ. ಸೋತ ಬಂದ ದಂಡನಾಯಕಗ ಸೀರಿ ಕಳಸತಿದ್ರು. ಅಷ್ಟ. ಮರ್ಯಾದಿಗೆ ಅಂಜಿ ಅಂವ ತಾನ ಜೀವಾ ಕಳಕೊಳ್ಳತಿದ್ದ."

"ಸೀರಿ ಉಡೂದು ಶಿಕ್ಷಾ ಏನ ಕಾಕಾ?" ಎಂದಳು ಶಬಾನಾ. "ಹಂಗಾರ ಕಾಕು ಏನ್ ತಪ್ಪ ಮಾಡ್ಯಾಳ?"

ಒಳಗೆ ಹಿಟ್ಟು ಕಲೆಸುತ್ತಿದ್ದ ಕಾಕು, ಕಾಕಾನ ಹೆಂಡತಿ, ಜೋರಾಗಿ ನಕ್ಕಳು. ಕಾಕಾ ಮಾತು ತಪ್ಪಿಸಲು ಫೌಜಿಯ ಕಡೆ ತಿರುಗಿ, "ನಿಮ್ಮ ರೋಮನ್ನರು ಏನ್ ಮಾಡತಿದ್ರಪಾ?" ಎಂದು ಕೇಳಿದ.

"ಜೋಡೀದಾರ್ರ ಕೈಲೆನ ಬಡಸಿ ಕೊಲ್ಲಸತಿದ್ರು" ಎಂದರು ಫೌಜಿ. "ಒಂದ ಡೇರೇದಾಗ ಮಲಗಿದವ್ರ, ಒಂದ ಒಲಿಮ್ಯಾಲೆ ಅಡಗಿ ಮಾಡ್ಕೊಂಡವ್ರ..." ಕಪ್ಪು ಕೆಳಗಿಟ್ಟರು. ಚಹಾ ಅರ್ಧ ಉಳಿದಿತ್ತು. ಅವರು ಚಹಾ ಉಳಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ನಾನು ನೋಡಿದೆ. ಕಾಕಾನೂ ನೋಡಿದ. ಅವರು ಹೋದ ಮೇಲೆ ಕಾಕಾ ಜಾರಿ ಒರೆಸುತ್ತ, "ಈ ಮನಿಷ್ಯಾ ಎಲ್ಲೆರ ಏನರ ಮಾಡಿ ಬಂದಾನೇನ?" ಎಂದ. ನನಗೆ ಅದೇ ಪ್ರಶ್ನೆ ಎಷ್ಟೋ ದಿನದಿಂದ ಇತ್ತು. ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಹಿಡಿಸಲಿಲ್ಲ, ಎದ್ದು ಮನೆಗೆ ಬಂದೆ.

ಕಾಕುವಿನ ತವರು ಕುಂದಗೋಳ ತಾಲೂಕಿನ ಕುಬಿಹಾಳ. ಅಲ್ಲಿಯ ಅವಳ ಅಣ್ಣನ ಮಗ ಮಲ್ಲೇಶಿ ಸೈನ್ಯದಲ್ಲಿದ್ದ, ರಜೆಗೆ ಬಂದಿದ್ದ. ಕಾಕಾ ಅವನನ್ನು ಊಟಕ್ಕೆಂದು ಕರೆಸಿದ. ಊಟಕ್ಕೆ ಕರೆದವನನ್ನು ಬೆಳಿಗ್ಗೆ ಏಳು ಗಂಟೆಗೇ ಬೆಂಚಿನ ಮೇಲೆ ಕೂರಿಸಿದ್ದು ಯಾಕೆ ಎಂದು ನನಗೆ ಕೂಡಲೇ ತಿಳಿಯಿತು. ಹೆಸರು ಬಿಡಿಸುವ ದಿನಗಳು. ರಸ್ತೆಯ ಮೇಲೆಲ್ಲ ಕಾಯಿ ಹರವಿತ್ತು, ಎಲ್ಲ ಕಡೆ ಅದೇ ವಾಸನೆ. ಫೌಜಿ ನಮ್ಮ ಹಿಂದೆ ಓಡಿಕೊಂಡು ಬಂದು, ಹೊಸ ಮನುಷ್ಯನನ್ನು ನೋಡಿ, ಒಂದು ಕ್ಷಣ ನಿಂತು, ಆಮೇಲೆ ಕುಳಿತರು.

"ಇಬ್ರೂ ಸೈನಿಕ್ರ ಅದೀರಿ. ಹೇಳ್ರಿ ಈಗ, ಎಲ್ಲಾರಿಗಿಂತ ಚಲೋ ದಂಡು ಯಾವುದು?" ಎಂದು ಕಾಕಾ ಶುರು ಮಾಡಿದ. ದನಿ ಸಿಹಿಯಾಗಿತ್ತು.

ಮಲ್ಲೇಶಿಗೆ ಹಳೆಯ ದಂಡುಗಳಲ್ಲಿ ಆಸಕ್ತಿ ಇರಲಿಲ್ಲ. ತನ್ನಂಥವನು ಸಿಕ್ಕನೆಂಬ ಖುಷಿಯಲ್ಲಿ ಸಹಜವಾಗಿ ಕೇಳಿದ. "ಟ್ರೇನಿಂಗ್ ಎಲ್ಲಿ ಆತ್ರಿ ಸರ್ ನಿಮ್ಮದು?"

ಫೌಜಿ ಊರಿನ ಹೆಸರು ಹೇಳಿದರು.

"ಹೌದ? ನಮ್ಮದೂ ಅಲ್ಲೇರಿ. ಆ ಗುಡ್ಡದ ಓಟ ಇನ್ನೂ ಐತಿ. ಚಳಿಗಾಲದಾಗ ಜೀವಾ ತಗೀತಾರ."

"ಗುಡ್ಡದ ಮ್ಯಾಲೆ ಒಂದು ನೀರಿನ ಟಾಕಿ ಇತ್ತು" ಎಂದರು ಫೌಜಿ. ಅವರ ಮುಖ ಬಿಚ್ಚಿಕೊಂಡಿತು. "ಅದನ್ನ ಮುಟ್ಟಿ ಬರಬೇಕಿತ್ತು."

"ಈಗೂ ಮುಟ್ಟೂದರಿ. ಕಸಮ್ ಪರೇಡ್ ಯಾವ ತಿಂಗಳಾಗಿತ್ತು ನಿಮ್ಮದು? ಸೈನಿಕ ಅಂತ ಆಣಿ ತಗೊಂಡ ದಿವಸಾ ಯಾರೂ ಮರಿಯೂದಿಲ್ಲ ನೋಡ್ರಿ. ನಮ್ಮವ್ವಾ ಅಪ್ಪಾ ಮೊದಲನೇ ಸಲಾ ಅಷ್ಟ ದೂರ ಬಂದಿದ್ರು."

ಫೌಜಿ ಕಾಲುವೆಯ ಕಡೆ ನೋಡಿದರು. ನಂತರ ಎದ್ದು, "ಹುಡುಗ್ಯಾರು ಕಾಯಾಕತ್ತಾರ, ಬರ್ತೀನ್ರಿ" ಎಂದು ಏರಿಯ ಕಡೆ ನಡೆದರು. ನಾವು ಐವರೂ ಅವರ ಎದುರಿಗೇ ಕುಳಿತಿದ್ದೆವು.

ಅವರು ಏರಿ ಹತ್ತುವುದನ್ನೇ ನೋಡಿದೆವು. ಕಡೆಗೆ ಮಲ್ಲೇಶಿ ತಲೆ ಕೆರೆದುಕೊಂಡು, "ಮಾಮಾ, ಅಂವ ಒಳಗ ಹೋಗಿದ್ದು ಖರೆ. ಟ್ರೇನಿಂಗ್ ಪೂರಾ ಮಾಡಿಲ್ಲ" ಎಂದ. ತಾನು ಯಾವ ಕೆಲಸಕ್ಕೆ ಬಂದಿದ್ದೆ ಎಂದು ಅವನಿಗೆ ಆಗ ಅರ್ಥವಾಗಿರಬೇಕು. ಊಟಕ್ಕೆ ನಿಲ್ಲದೇ ಹೋದ.

ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಸಂಜೆಗೆ ಒಂದಕ್ಕೆ ನಾಲ್ಕು ಸೇರಿತು. ಬಂದೂಕು ಕದ್ದು ಓಡಿ ಬಂದಿದ್ದಾನೆ, ಜೇಲಿನಲ್ಲಿದ್ದ, ಅಳ್ನಾವರದಲ್ಲಿ ಮೊದಲ ಹೆಂಡತಿ ಇದ್ದಾಳೆ. ಮರುದಿನ ಏರಿಗೆ ಬಂದವಳು ನಾನೊಬ್ಬಳೇ. ಫೌಜಿಯೂ ಬರಲಿಲ್ಲ. ಖಾಜಾಸಾಬರ ಮನೆಗೆ ಹೋದೆ. ಅವರು ಅರಳೆಯ ರಾಶಿಯ ನಡುವೆ ಕೂತಿದ್ದರು. ಸಿಟ್ಟಿನ ಮನುಷ್ಯರಲ್ಲ. ಸಮಾಧಾನವಾಗಿಯೇ ಹೇಳಿದರು. "ಅಂವ ಫೌಜಿ ಅಂತ ಹೇಳಿ ಕಳಿಸಿದ್ದೆ ಬೇಟಿ. ಈಗ ಫೌಜಿ ಅಲ್ಲ ಅಂತಾರ. ಹಂಗಾರ ಯಾರು? ಯಾರು ಅಂತ ಗೊತ್ತಿಲ್ಲದವನ ಹಿಂದ ಮಗಳನ್ನ ಹೆಂಗ ಕಳಸ್ಲಿ?" ಶಬಾನಾ ಒಳಗಿನ ಬಾಗಿಲಲ್ಲಿ ನಿಂತಿದ್ದಳು, ಕಾಲಲ್ಲಿ ಇನ್ನೂ ಓಟದ ಬೂಟು.

ಕಾಕಾ ನನಗೂ ಬೇಡ ಎಂದ. ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ.

ಸಿಟ್ಟು ಯಾರ ಮೇಲೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಸಿಟ್ಟಿನಲ್ಲೇ ಅದೇ ಮಧ್ಯಾಹ್ನ ಫೌಜಿಯ ಮನೆಗೆ ಹೋದೆ. ನೀಲವ್ವ ಪಡಸಾಲೆಯಲ್ಲಿ ಹೆಸರು ಕೇರುತ್ತಿದ್ದಳು. ನನ್ನನ್ನು ನೋಡಿದ್ದೇ, "ನೀನೂ ಕೇಳಾಕ ಬಂದಿಯೇನ?" ಎಂದಳು. ಫೌಜಿ ಒಳಗಿನಿಂದ ಬಂದು ಕಂಬಕ್ಕೆ ಒರಗಿ ಕುಳಿತರು. ನಾನು ಕುಳಿತುಕೊಳ್ಳಲಿಲ್ಲ.

"ನೀವು ಯಾರ್ರಿ?" ಎಂದೆ.

ಅವರು ನೇರವಾಗಿ ಹೇಳಿದರು. ಹತ್ತೊಂಬತ್ತಕ್ಕೆ ಭರ್ತಿಯಾಗಿದ್ದರು. ಓಟದಲ್ಲಿ ಯಾವಾಗಲೂ ಮುಂದೆ. ತರಬೇತಿಯಲ್ಲಿ ಎತ್ತರದ ಹಗ್ಗದ ಮೇಲೆ ಮೈಚಾಚಿ ಕಂದಕ ದಾಟುವುದು ಒಂದಿತ್ತು. ಮೊದಲ ಸಲ ದಾಟಿದರು. ಎರಡನೆಯ ಸಲ ನಡುವೆ ಕೈ ಹಿಡಿದುಕೊಂಡಿತು, ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಇಬ್ಬರು ಹತ್ತಿ ಇಳಿಸಿದರು. ಆಮೇಲೆ ದಿನಾ ಅದೇ. ಜೊತೆಯವರು ನಗುತ್ತಿದ್ದರು, ನಂತರ ನಗುವುದನ್ನೂ ಬಿಟ್ಟರು. "ಅಣ್ಣನ ಮದಿವಿ ಅಂತ ರಜಾ ತಗೊಂಡು ಬಂದೆ. ತಿರಗಿ ಹೋಗಲಿಲ್ಲ. ಹೆಸರ ಹೊಡದ ಹಾಕಿದ್ರು. ಅಷ್ಟರಿ. ಬಂದೂಕು ಇಲ್ಲ, ಜೇಲಿಲ್ಲ."

"ಫೌಜಿ ಅಂತ ಯಾಕ ಹೇಳಿದ್ರಿ ಮತ್ತ?"

"ನಾ ಹೇಳಲಿಲ್ಲ ತಂಗಿ. ಮದಿವ್ಯಾಗ ಯಾರೋ ಅಂದ್ರು. ನಾ ಅಲ್ಲ ಅನ್ನಲಿಲ್ಲ. ಆಮ್ಯಾಲೆ ಊರೆಲ್ಲಾ ಅಂತು."

ನೀಲವ್ವ ಹೆಸರಿದ್ದ ಮೊರವನ್ನು ಕೆಳಗಿಟ್ಟಳು. "ನನಗ ಗೊತ್ತಾಗಿದ್ದು ಮದಿವಿಯಾಗಿ ಮೂರ್ ವರ್ಷಕ್ಕ" ಎಂದಳು. "ಹಂಗ ಬಿಡ್ರಿ ಅಂದೆ. ಯಾರಿಗೆ ಏನ್ ತೊಂದ್ರಿ ಅಂತ."

"ನಮಗ ತೊಂದ್ರಿ ಆಗೈತಿ ನೀಲಕ್ಕಾ" ಎಂದೆ. ಫೌಜಿಯ ಕಡೆ ತಿರುಗಿ, "ನಾಳೆ ಕಾಕಾನ ಅಂಗಡ್ಯಾಗ ಇದನ್ನ ಹೇಳ್ರಿ" ಎಂದೆ.

"ಹೇಳಿದ್ರ ನಿಮ್ಮನ್ನ ಓಡಾಕ ಬಿಡ್ತಾರ?"

"ಗೊತ್ತಿಲ್ರಿ. ಹೇಳದಿದ್ರ ಬಿಡೂದಿಲ್ಲ."

ಅವರು ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಹಗ್ಗದ ಕಥೆಯನ್ನೂ ನಾನು ಪೂರ್ತಿ ನಂಬಿರಲಿಲ್ಲ. ಮರುದಿನ ಬೆಳಿಗ್ಗೆ ಖಾಜಾಸಾಬರನ್ನೂ ಶಬಾನಾಳನ್ನೂ ಬೇಡಿಕೊಂಡು ಅಂಗಡಿಗೆ ಕರೆತಂದೆ. ಉಳಿದ ಹುಡುಗಿಯರ ಅಪ್ಪಂದಿರು ಚಹಾಕ್ಕೆ ಹೇಗೂ ಬರುತ್ತಿದ್ದರು. ಎಲ್ಲರೂ ಕುಳಿತ ಮೇಲೆ ಫೌಜಿ ಬಂದರು. ಕುಳಿತುಕೊಳ್ಳಲಿಲ್ಲ. ನನಗೆ ಹೇಳಿದ್ದನ್ನೇ, ಒಂದು ಮಾತು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದರು. ಓಡಿ ಬಂದವ ಎಂಬ ಶಬ್ದವನ್ನು ತಾವೇ ಬಳಸಿದರು. "ಇನ್ನ ನಾ ಏರಿ ಮ್ಯಾಲೆ ಬರೂದಿಲ್ಲ. ಹುಡುಗ್ಯಾರನ್ನ ನಿಲ್ಲಸಬ್ಯಾಡ್ರಿ. ಅವ್ರಿಗೆ ಕಲಸೂದು ಮುಗದೈತಿ, ದಿನಾ ಓಡಿದ್ರ ಸಾಕು."

ಕಾಕಾ ಗೆದ್ದಿದ್ದ. ಆದರೆ ಗೆದ್ದವನ ಹಾಗೆ ಕಾಣಲಿಲ್ಲ. ಜಾರಿಯನ್ನು ಆ ಕೈಯಿಂದ ಈ ಕೈಗೆ ತೆಗೆದುಕೊಂಡು, "ಹಂಗಾರ ಮೂರ್ ತಿಂಗಳಾತು, ರೋಮನ್ನರು ರೋಮನ್ನರು ಅಂತ ನನ್ನ ಜೋಡಿ ಜಗಳಾಡಿದ್ಯಲ್ಲೋ?" ಎಂದ.

"ಅವ್ರು ದಿನಾ ಗುಂಡಿ ತೋಡತಿದ್ರು ಕಾಕಾ" ಎಂದರು ಫೌಜಿ. "ಅಂಜಿದವನ ಕೈಯಾಗೂ ಸಲಿಕಿ ಇರತಿತ್ತು. ಸಂಜಿತನಾ ತೋಡಿ, ಉಂಡು, ಬಿದ್ದಕೊಂಡ್ರ ಅಂಜಾಕ ವ್ಯಾಳ್ಯಾ ಇರತಿದ್ದಿಲ್ಲ ಅನಸ್ತೈತಿ ನನಗ. ಅಷ್ಟ. ನಮಗ ಸಂಜಿ ಭಾಳ ಖಾಲಿ ಇರತಿತ್ತು."

ಅವರು ಹೋದರು. ಖಾಜಾಸಾಬರು ಗಡ್ಡ ನೀವಿಕೊಳ್ಳುತ್ತ ಕೂತಿದ್ದರು. "ಈಗ ಯಾರು ಅಂತ ಗೊತ್ತಾತು" ಎಂದರು. ಆದರೆ ಮಗಳನ್ನು ಒಂಟಿಯಾಗಿ ಬಿಡಲಿಲ್ಲ. ಮರುದಿನದಿಂದ ಅವರೇ ತಮ್ಮ ಹಳೆಯ ಮೊಪೆಡ್ ಮೇಲೆ ನಮ್ಮ ಹಿಂದೆ ಏರಿಯ ಮೇಲೆ ಬರತೊಡಗಿದರು. ಕಾಕಾ ಮೊಬೈಲಿನ ಗಡಿಯಾರ ಹಿಡಿದು ಪುಲಿನ ಮೇಲೆ ನಿಂತ. ಎಲ್ಲಿ ಒತ್ತಿದರೆ ನಿಲ್ಲುತ್ತದೆ ಎಂದು ತಿಳಿಯದೆ ನಮ್ಮ ವೇಳೆಯನ್ನೆಲ್ಲ ಹಾಳು ಮಾಡಿದ. ಒಂದು ದಿನ ಅಂಗಡಿಯ ಬಾಗಿಲ ಚೌಕಟ್ಟಿಗೆ ನಮ್ಮನ್ನು ನಿಲ್ಲಿಸಿ ಪೆನ್ಸಿಲಿನಿಂದ ಎತ್ತರವನ್ನೂ ಅಳೆದ. ಶಬಾನಾಳದು ಭರ್ತಿಗೆ ಸರಿಯಾಗಿ ಬೇಕಾದಷ್ಟೇ ಬಂತು. ಉಳಿದ ಮೂವರು ಹುಡುಗಿಯರಲ್ಲಿ ಇಬ್ಬರು ಬರಲಿಲ್ಲ. ಅವರ ಮನೆಯವರಿಗೆ ಫೌಜಿಯ ಮಾತು ಸಾಕಾಗಲಿಲ್ಲ. ಅವರನ್ನು ತಪ್ಪು ಎನ್ನಲು ನನಗೆ ಆಗುವುದಿಲ್ಲ.

ಧಾರವಾಡದ ಮೈದಾನದಲ್ಲಿ ಓಟಕ್ಕಿಂತ ಮೊದಲು ಎತ್ತರ ಅಳೆದರು. ಶಬಾನಾ ಒಂದು ಉಗುರಿನಷ್ಟು ಕಡಿಮೆ ಇದ್ದಳು. ಅಳೆಯುತ್ತಿದ್ದ ಹೆಣ್ಣುಮಗಳು ಒಳ್ಳೆಯವಳು, ಮತ್ತೊಮ್ಮೆ ನಿಲ್ಲಿಸಿ ಅಳೆದಳು. ಅಷ್ಟೇ ಬಂತು. ನಮ್ಮಲ್ಲಿ ಎಲ್ಲರಿಗಿಂತ ಜೋರು ಓಡುವವಳಿಗೆ ಓಡಲು ಅವಕಾಶವೇ ಸಿಗಲಿಲ್ಲ. ಗೇಟಿನ ಹೊರಗೆ ನನ್ನ ಚಪ್ಪಲಿ ಹಿಡಿದುಕೊಂಡು ನಿಂತಳು. ನಾನು ಓಡಿದೆ, ಜಿಗಿದೆ, ಗುಂಡು ಎಸೆದೆ, ಪಾಸಾದೆ. ಬಸ್ಸಿನಲ್ಲಿ ಅವಳು, "ನಿಮ್ಮ ಕಾಕಾ ಪೆನ್ಸಿಲ್ ಒಂಚೂರ ಮ್ಯಾಲೆ ಹಿಡದಿದ್ನೇನ?" ಎಂದು ಕೇಳಿದಳು. ನನಗೂ ಅದೇ ಅನಿಸಿತ್ತು. ಕಾಕಾನನ್ನು ಕೇಳಿದೆವು, ಇಲ್ಲ ಎಂದ. ಈಗ ಅವಳು ನವಲಗುಂದದ ಕಡೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಮಕ್ಕಳನ್ನು ಅಳೆಯುವಾಗ ಪಟ್ಟಿಯನ್ನು ಎರಡು ಸಲ ನೋಡುತ್ತಾಳಂತೆ.

ತರಬೇತಿಗೆ ಹೊರಡುವ ಮುಂಚೆ ಫೌಜಿಯ ಮನೆಗೆ ಹೋಗಿದ್ದೆ. ಅವರು ಮೊದಲು ಕೇಳಿದ್ದು ಶಬಾನಾಳ ಬಗ್ಗೆ. ಹೇಳಿದೆ. ಕಡಲೆ ಬಿತ್ತಲು ಕೂರಿಗೆ ಸರಿ ಮಾಡುತ್ತಿದ್ದರು, ಕೈ ನಿಲ್ಲಿಸಲಿಲ್ಲ. ತಮ್ಮ ಫೋನ್ ನಂಬರು ಕೊಟ್ಟರು. ಯಾಕೆ ಎಂದು ನಾನು ಕೇಳಲಿಲ್ಲ.

ತರಬೇತಿ ಶುರುವಾಗಿ ಮೂರನೆಯ ವಾರಕ್ಕೆ ನನಗೆ ಸಾಕಾಯಿತು. ಅದಕ್ಕೆ ದೊಡ್ಡ ಕಾರಣವೇನಿಲ್ಲ. ಪಾದ ಒಡೆದಿದ್ದವು, ಬೈಗುಳ ಮೈಗೆ ಅಂಟಿಕೊಂಡಿತ್ತು, ನನ್ನ ಜೊತೆಯವಳೊಬ್ಬಳು ಹಿಂದಿನ ದಿನ ಪೆಟ್ಟಿಗೆ ಕಟ್ಟಿಕೊಂಡು ಹೋಗಿದ್ದಳು. ನನ್ನದೂ ಕಟ್ಟಿದ್ದೆ. ಸಂಜೆಯ ಪರೇಡಿಗೆ ಮುಂಚೆ ಫೋನು ಮಾಡಲು ಬಿಡುತ್ತಿದ್ದರು. ಮನೆಗೆ ಮಾಡಿದರೆ ಅವ್ವ ಅಳುತ್ತಾಳೆ, ಕಾಕಾ ಬೈಯುತ್ತಾನೆ. ಶಬಾನಾಳಿಗೆ ಮಾಡುವ ಮುಖ ನನಗಿರಲಿಲ್ಲ. ಫೌಜಿಗೆ ಮಾಡಿದೆ.

"ನಾ ವಾಪಸ್ ಬರಾಕತ್ತೀನ್ರಿ" ಎಂದೆ.

ಅವರು ಏ, ಹಾಗೆ ಮಾಡಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಬೈದರೆ ತಿರುಗಿ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಅವರು ಯಾಕೆ ಎಂದೂ ಕೇಳಲಿಲ್ಲ. ಅತ್ತ ಕಡೆಯಿಂದ ಎತ್ತಿನ ಗಂಟೆಯ ಸದ್ದು ಕೇಳಿಸುತ್ತಿತ್ತು. ಹೊಲದಲ್ಲಿದ್ದರು.

"ಬಾ" ಎಂದರು. "ಬಸ್‌ಸ್ಟ್ಯಾಂಡಿಗೆ ನಾನ ಬರ್ತೀನಿ, ನಿಮ್ಮ ಕಾಕಾಗ ನಾನ ಹೇಳ್ತೀನಿ. ಆದ್ರ ಊರಾಗ ಏನ್ ಹೇಳಬೇಕಂತ ಅಲ್ಲೇ ಕುಂತು ಚಂದಂಗ ವಿಚಾರ ಮಾಡ್ಕೊಂಡ ಬಾ. ಅದನ್ನ ಮುಂದ ಭಾಳ ವರ್ಷ ಹೇಳಬೇಕಾಗ್ತೈತಿ."

ಅವರು ನನ್ನನ್ನು ತಡೆಯುತ್ತಿದ್ದರೋ, ಮನಸ್ಸಿಟ್ಟೇ ಕರೆಯುತ್ತಿದ್ದರೋ, ಇವತ್ತಿಗೂ ತಿಳಿದಿಲ್ಲ. ಎರಡನೆಯದೇ ಇರಬೇಕೆಂದು ಕೆಲವೊಮ್ಮೆ ಅನಿಸುತ್ತದೆ. ತನ್ನಂಥವರು ಇನ್ನೊಬ್ಬರು ಊರಲ್ಲಿರಲಿ ಎಂದು. ಮುಂದೊಮ್ಮೆ ಮಲ್ಲೇಶಿ ಸಿಕ್ಕಾಗ ಆ ಹಗ್ಗದ ಮಾತು ಕೇಳಿದೆ. "ಖರೆ ಇರಬಹುದು" ಎಂದ. ಸ್ವಲ್ಪ ತಡೆದು, "ಓಡಿ ಹೋದವ್ರೆಲ್ಲಾ ಹಗ್ಗದ ಮಾತ ಹೇಳ್ತಾರಬೇ" ಎಂದ.

ಆ ಸಂಜೆ ಮಾತ್ರ ನಾನು ಪೆಟ್ಟಿಗೆಯ ಮೇಲೆ ಕುಳಿತು, ಊರಲ್ಲಿ ಹೇಳಬೇಕಾದ ಮಾತನ್ನು ವಿಚಾರ ಮಾಡಿದೆ. ಮೊದಲು ಅವ್ವನಿಗೆ, ಆಮೇಲೆ ಕಾಕಾನಿಗೆ, ಆಮೇಲೆ ಶಬಾನಾಳಿಗೆ. ಶಬಾನಾಳ ಸರದಿ ಬಂದಾಗ ಮಾತು ಮುಂದೆ ಹೋಗಲಿಲ್ಲ. ಹೊರಗೆ ಪರೇಡಿನ ಸೀಟಿ ಊದಿದರು. ಬೂಟಿನ ಲಾಡಿ ಕಟ್ಟಿಕೊಂಡು ಸಾಲಿಗೆ ಹೋಗಿ ನಿಂತೆ.